ಮಧ್ಯಾಹ್ನದ ಬಸ್ಸಿಗೆ ಕಾರಣ ಬೇಕಂತೆ

ನಮ್ಮೂರು ಕುಬಿಹಾಳಕ್ಕೆ ಮಧ್ಯಾಹ್ನ ಬರುವ ಬಸ್ಸನ್ನು ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನ ನಾನು ಹಂಚಿಗೆ ಹಾಕಿದ ರೊಟ್ಟಿಯೆಲ್ಲ ಕರಕಲು. ಬೆಳಿಗ್ಗೆ, ಸಂಜೆ ಬೇರೆ ಬಸ್ಸುಗಳಿವೆ. ಅವು ಶಾಲೆಯ ಮಕ್ಕಳವು, ನೌಕರಿಯವರವು. ಉಂಡು, ಪಾತ್ರೆ ತಿಕ್ಕಿ, ಕೈ ಒರೆಸಿಕೊಂಡು ಹೊರಡುವ ಹೆಂಗಸರ ಬಸ್ಸು ಅದೊಂದೇ.

ಆ ಬಸ್ಸಿನಲ್ಲಿ ನಾನೂ ಬಾಜು ಮನೆಯ ಗೆಳತಿಯೂ ಗುಡಗೇರಿ ಪೇಟೆಗೆ ಹೋಗುತ್ತೇವೆ. ಸರಕಾರಿ ಬಸ್ಸು, ಹೆಂಗಸರಿಗೆ ಟಿಕೇಟು ಪುಕ್ಕಟೆ. ಇಳಿದು ಗಿರಮಿಟ್ ತಿನ್ನುತ್ತೇವೆ. ಅವಳು ಅವಳ ಅತ್ತೆಯನ್ನು ಬೈಯುತ್ತಾಳೆ, ನಾನು ನನ್ನ ಅತ್ತೆಯನ್ನು. ಅದೇ ಬಸ್ಸು ತಿರುಗಿ ಹೊರಟಾಗ ಹತ್ತಿ ಮನೆಗೆ ಬರುತ್ತೇವೆ. ಇಷ್ಟೇ. ಇಷ್ಟೂ ಇಲ್ಲದ ವಾರ ನನಗೆ ಮನೆಯ ಗೋಡೆಗಳ ಮೇಲೂ ಸಿಟ್ಟು ಬರುತ್ತದೆ.

ನಮ್ಮ ಕಡೆ ಹೆಂಗಸು ಸುಮ್ಮನೆ ಹೊಸ್ತಿಲು ದಾಟುವ ರೂಢಿಯಿಲ್ಲ. ಕಟ್ಟೆಯ ಮೇಲೆ ಕೂತ ಹಿರಿಯರು ಎಲ್ಲಿಗೆ ಎಂದು ಕೇಳುವ ಮೊದಲೇ ಕೆಲಸದ ಹೆಸರು ಹೇಳಬೇಕು. ಹೀಗಾಗಿ ನಮ್ಮ ಓಣಿಯ ಹೆಂಗಸರ ಮೊಣಕಾಲು ಸದಾ ನೋಯುತ್ತಿರುತ್ತವೆ, ಕುಪ್ಪಸಗಳು ಸದಾ ಹೊಲಿಗೆಗೆ ಹೋಗಿರುತ್ತವೆ, ಬ್ಯಾಂಕಿನಲ್ಲಿ ಸದಾ ಏನೋ ತಕರಾರಿರುತ್ತದೆ. ಈ ವಿಚಾರಣೆಯಲ್ಲಿ ನನ್ನ ಅತ್ತೆ ಪೊಲೀಸರಿಗಿಂತ ಒಂದು ಕೈ ಮೇಲು.

ಬಸ್ಸಿನ ವಿಷಯಕ್ಕೆಂದೇ ಗ್ರಾಮಸಭೆ ಕರೆದರು. ತಾಲೂಕಿನಿಂದ ಬಂದ ಅಧಿಕಾರಿ ಒಳ್ಳೆಯ ಮನುಷ್ಯ. ಆದಾಯ ಒಂದನ್ನೇ ಅಭಿವೃದ್ಧಿ ಅನ್ನುವ ಕಾಲ ಹೋಯಿತು, ಜನರ ನೆಮ್ಮದಿಯೂ ಈಗ ಲೆಕ್ಕಕ್ಕಿದೆ ಎಂದು ನಗುತ್ತ ಶುರು ಮಾಡಿದರು. ನನ್ನ ಜೀವ ಒಂದಿಷ್ಟು ತಣ್ಣಗಾಯಿತು. ಆಮೇಲೆ ಹೆಂಗಸರ ಕಡೆ ತಿರುಗಿ, ಈ ಬಸ್ಸು ನಿಮಗೆ ಯಾಕೆ ಬೇಕು ಎಂದು ಕೇಳಿದರು.

ಎದುರಿಗೆ ಊರ ಹಿರಿಯರೆಲ್ಲ ಕೂತಿದ್ದರು. ನಾಲಿಗೆಗೆ ರೂಢಿಯಾದದ್ದೇ ಬಂತು. ಒಬ್ಬಳು ಮೊಣಕಾಲಿನ ಗುಳಿಗೆ ಅಂದಳು. ದವಾಖಾನೆಯ ಗಾಡಿ ಊರಿಗೇ ಬರುವಂತೆ ಮಾಡುತ್ತೇನೆ ಅಂದರು ಅಧಿಕಾರಿ. ನನ್ನ ಗೆಳತಿ ಬ್ಯಾಂಕು ಅಂದಳು. ಬ್ಯಾಂಕಿನವರನ್ನೇ ಪಂಚಾಯಿತಿಗೆ ಕರೆಸಿದರಾಯಿತು ಅಂದರು. ಕಾಯಿಪಲ್ಲೆ ಅಂದವಳಿಗೆ ಮನೆ ಮುಂದೆಯೇ ಕಾಯಿಪಲ್ಲೆ. ಪಾಪ, ಅವರು ನಮಗೆ ಒಳ್ಳೆಯದನ್ನೇ ಮಾಡುತ್ತಿದ್ದರು, ಬಸ್ಸು ಮಾತ್ರ ದೂರ ದೂರ ಹೋಗುತ್ತಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಜ ಹೇಳೋಣವೆಂದರೆ ಬಾಜುವಿಗೇ ಅತ್ತೆ ಕೂತಿದ್ದರು. ಹಾಗಾದರೆ ಎಲ್ಲ ಬಗೆಹರಿಯಿತಲ್ಲ ಎಂದು ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು.

ಅತ್ತೆ ಕೂತಲ್ಲಿಂದಲೇ ಮಾತಾಡಿದರು. "ಸಾಹೇಬ್ರ, ಇವರಿಗೆ ಅಲ್ಲಿ ಏನೂ ಕೆಲಸ ಇಲ್ರಿ. ಸುಮ್ನ ಹೋಗಿ ಬರ್ತಾರ. ಅದಕ್ಕ ಬಸ್ ಬೇಕ್ರಿ."

ನನ್ನ ಕಿವಿ ಬಿಸಿಯಾದವು. ಇಷ್ಟು ದಿನ ಅತ್ತೆಗೆ ಎಲ್ಲ ಗೊತ್ತಿತ್ತು! ಅಧಿಕಾರಿ, ಸುಮ್ಮನೆ ಅಂದರೆ ಏನಂತ ಬರೆಯಲಿ ಅಮ್ಮಾ ಎಂದು ಕೇಳಿದರು. ಮೊದಲು ನೆಮ್ಮದಿಯ ಮಾತೆತ್ತಿದವರೇ ಇವರು. ಅದನ್ನು ಬರೆಯುವುದು ಓದಿದವರ ಕೆಲಸ ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. ಮೇಲಿನವರನ್ನು ಕೇಳಿ ತಿಳಿಸುತ್ತೇನೆಂದು ಅಧಿಕಾರಿ ಹೋದರು, ಇನ್ನೂ ತಿಳಿಸಿಲ್ಲ. ಬಸ್ಸು ಸದ್ಯಕ್ಕೆ ಬರುತ್ತಿದೆ. ನನಗಂತೂ ಊಟದ ಹೊತ್ತು ಮುಗಿದರೆ ಸಾಕು, ಬಸ್ಸು ಬಂತೋ ಇಲ್ಲವೋ ಎಂದು ಒಳಗೂ ಹೊರಗೂ ಕಾಲು ನಿಲ್ಲುವುದಿಲ್ಲ.

ಅವತ್ತು ಸಭೆ ಮುಗಿಸಿ ಮನೆಗೆ ನಡೆಯುವಾಗ, ನಿಮಗೂ ಎಲ್ಲಿಗಾದರೂ ಹೋಗಬೇಕು ಅನ್ನಿಸುವುದಿಲ್ಲವೇ ಎಂದು ಅತ್ತೆಯನ್ನು ಕೇಳಿದೆ. ಹರೆಯದಲ್ಲಿ ದಿನಾ ಅನ್ನಿಸುತ್ತಿತ್ತಂತೆ, ಆಗ ಬಸ್ಸಿರಲಿಲ್ಲ.

"ಈಗ ಬಸ್ ಐತವಾ," ಅಂದರು. "ಎಲ್ಲಿಗೆ ಹೋಗಬೇಕಂತಿದ್ದೆ ಅನ್ನೂದು ಮರತು ಹೋಗೇತಿ."