ಬನದ ರಾಂಪತ್ರೆ ಮರಗಳು

ನಮ್ಮ ಕುಟುಂಬದ ನಾಗಬನ ಇರುವುದು ಕುಂಭಾಶಿಯ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಸುತ್ತ ಮನೆಗಳೆದ್ದ ಮೇಲೆ ಅಲ್ಲಿ ಕಾಡೆಂದು ಉಳಿದಿರುವುದು ಅಷ್ಟೇ. ಈ ವರ್ಷ ಅದರ ನೆಲಕ್ಕೂ ಕಲ್ಲು ಹಾಸುವುದೆಂದು ತೀರ್ಮಾನವಾಯಿತು. ಬೇಡವೆಂದು ವಾದಿಸಿ ಸೋತಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳಾದ್ದರಿಂದ, ಉಳಿಸುವ ಮರಗಳಿಗೆ ಬಟ್ಟೆ ಕಟ್ಟುವ ಕೆಲಸವೂ ನನಗೇ ಬಂತು.

“ಜಾತಿಗ್ ಒಂದೊಂದ್ ಇಟ್ರೆ ಸಾಕಲ್ದಾ ಮಾರಾಯ್ತಿ?” ಎಂದ ದೊಡ್ಡಪ್ಪನ ಮಗ. ಮುಂಬೈಯ ಹೋಟೆಲನ್ನು ಮಕ್ಕಳಿಗೆ ಬಿಟ್ಟು ಬಂದವನು. ಕೆಲಸದ ಉಸ್ತುವಾರಿ ಅವನದು.

“ರಾಂಪತ್ರೆ ಹಾಂಗಲ್ಲ ಅಣ್ಣಯ್ಯ. ಗಂಡ್ ಮರ ಬೇರೆ, ಹೆಣ್ ಮರ ಬೇರೆ. ಒಂದೇ ಇಟ್ರೆ ಮುಂದೆ ಗಿಡ ಹುಟ್ಟುದಿಲ್ಲ.”

“ಹಂಗಾರೆ ಮರಕ್ಕೂ ಜಾತಕ ಕಾಂಬ್ದಾ?” ಎಂದು ನಕ್ಕ. “ನಾಳೆ ಜೆಸಿಬಿ ಬತ್ತ್. ಬೇಗ ಹೇಳ್.”

ಬನದಲ್ಲಿ ಜಾಯಿಕಾಯಿಯ ಬಳಗದ ಈ ರಾಂಪತ್ರೆ ಐದಿದ್ದವು, ಐದೂ ಒತ್ತಾಗಿ. ಅದರ ಬೀಜ ಭಾರ. ಹಕ್ಕಿ ಒಯ್ಯದಿದ್ದರೆ ತಾಯಿಯ ಬುಡದಲ್ಲೇ ಬಿದ್ದು ಹುಟ್ಟುತ್ತದೆ. ಕೊಲ್ಲೂರಿನ ಕಾಡಿನಲ್ಲೂ ಓದುವ ಕಾಲದಲ್ಲಿ ಹೀಗೆಯೇ ಕಂಡಿದ್ದೆ: ಒದ್ದೆ ತಗ್ಗಿನಲ್ಲಿ ಗುಂಪಾಗಿ ರಾಂಪತ್ರೆ, ಆಚೆ ಬಹಳ ದೂರ ಒಂದೂ ಇಲ್ಲ. ನಿಜವಾಗಿ ಕಂಡಿದ್ದೆನೋ, ವರ್ಷಗಟ್ಟಲೆ ಪಾಠ ಹೇಳಿ ಕಂಡಂತಾಗಿದೆಯೋ, ಈಗ ಹೇಳಲಾರೆ.

ಗಂಡೋ ಹೆಣ್ಣೋ ಎಂದು ಹೂವಿನಿಂದ, ಕಾಯಿಯಿಂದಲೇ ತಿಳಿಯಬೇಕು; ಈಗ ಹೂವಿನ ಕಾಲವಲ್ಲ. ಕಾಯಿ ಇದ್ದರೂ ಅಷ್ಟೆತ್ತರ ನನ್ನ ಕಣ್ಣು ಹೋಗುವುದಿಲ್ಲ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ನಾಗನ ಕಲ್ಲಿನ ಹಿಂದಿನ ಮರದಡಿ ಕಾಯಿ ಹೆಕ್ಕಿದ ನೆನಪಿತ್ತು. ಆ ಮರಕ್ಕೆ ಬಟ್ಟೆ ಸುತ್ತಲು ಹೋದೆ.

“ಹ್ವಾಯ್, ಆಗ ಕಲ್ಲ್ ಅಲ್ಲ್ ಇರ್ಲಿಲ್ಲ,” ಎಂದ ಅಣ್ಣ. “ಪ್ರತಿಷ್ಠೆ ಮಾಡುವಾಗ ಈಚೆ ತಂದದ್ದ್.”

ಮೊದಲು ಎಲ್ಲಿತ್ತೆಂದು ಅವನಿಗೂ ಖಚಿತವಿರಲಿಲ್ಲ. ಬಟ್ಟೆ ಕೈಯಲ್ಲೇ ಉಳಿಯಿತು. ನೆನಪನ್ನು ಬಿಟ್ಟು ನೆಲವನ್ನು ನೋಡೋಣವೆಂದು ಸಸಿ ಹುಡುಕಿದೆ. ಪೂಜೆಗೆಂದು ಇಡೀ ಬನವನ್ನು ಕೆತ್ತಿ ಗುಡಿಸಿದ್ದರು. ಕೆಳಗಿನ ತೋಡಿನ ಅಂಚಿನಲ್ಲಿ ಮಾತ್ರ ಗೇಣುದ್ದದ ಮೂರ್ನಾಲ್ಕು ಸಸಿ. ಅವುಗಳಿಗೆ ಹತ್ತಿರವಿದ್ದ ಮರವೇ ಹೆಣ್ಣೆಂದು ಬಟ್ಟೆ ಕಟ್ಟಿದೆ. ಮಳೆನೀರು ಬೀಜವನ್ನು ಎಲ್ಲಿಂದಲೂ ಹೊತ್ತು ತಂದಿರಬಹುದು ಎನ್ನುವುದು ಕಟ್ಟುವಾಗಲೇ ಗೊತ್ತಿತ್ತು.

“ಗಂಡ್ ಯಾವ್ದ್?”

“ಗೊತ್ತಿಲ್ಲ. ಅದ್ಕೇ ನಾಲ್ಕೂ ಇರ್ಲಿ.”

“ಒಂದ್ ಹೆಣ್ಣಿಗೆ ನಾಲ್ಕ್ ಗಂಡಾ! ಜನ ಕೂಕಂಬುಕೆ ಜಾಗ ಬ್ಯಾಡ್ದಾ?”

ಜಗಳವಾಡುವ ಶಕ್ತಿ ಇರಲಿಲ್ಲ. ಎರಡನ್ನು ಬಿಟ್ಟುಕೊಟ್ಟೆ. ಯಾವ ಎರಡು ಎಂದು ಅವನೇ ತೋರಿಸಿದ, ಪೂಜೆಯ ಚಪ್ಪರಕ್ಕೆ ಅಡ್ಡ ಬರುವವನ್ನು. ನಾನು ತಲೆಯಾಡಿಸಿದೆ.

ಮೂರು ಮರ ಉಳಿದಿವೆ. ಮೂರೂ ಹೆಣ್ಣಾಗಿರಬಹುದು, ಮೂರೂ ಗಂಡಾಗಿರಬಹುದು. ಹೂ ಬಂದಾಗ ಬಂದು ನೋಡೆಂದು ಅಣ್ಣ ಹೇಳಿದ್ದಾನೆ. ಕಡಿದ ಎರಡು ಮತ್ತೆ ಬರುವುದಿಲ್ಲ; ನೋಡಿ ಮಾಡುವುದೇನು?