ನೊಗದ ಮೇಲೆ ನಾಲ್ಕು ಬೆರಳು

ನಮ್ಮ ಮುತ್ತಾತ ಎಂದ ಕೂಡಲೇ ಬೊಚ್ಚುಬಾಯಿಯ ಮುದುಕನನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಇದು ಶುರುವಾದಾಗ ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮೈಯಲ್ಲಿ ಕಸುವಿತ್ತು, ತಲೆಯಲ್ಲಿ ಬೇಡದ ಜಾಣತನವೂ ಇತ್ತು. ಅಣ್ಣ ತೀರಿಕೊಂಡ ಮೇಲೆ ಹೊಲ ಎರಡು ಪಾಲಾಯಿತು, ಇದ್ದ ಜೋಡೆತ್ತೂ ಪಾಲಾಯಿತು. ಬಿಳಿಯದು ಇವನಿಗೆ, ಕೆಂದೆತ್ತು ಅತ್ತಿಗೆಗೆ. ಒಂಟಿ ಎತ್ತು ಕಟ್ಟಿಕೊಂಡು ಯಾರು ತಾನೇ ಉತ್ತಾರು? ಹಾಗಾಗಿ ಒಲೆ ಬೇರೆಯಾದರೂ ನೇಗಿಲು ಒಂದೇ ಆಗಿ ಉಳಿಯಿತು. ಎರಡೂ ಹೊಲ ಉಳುವವನು ಇವನು, ಎರಡೂ ಹೊಲದ ಕಳೆ ಕೀಳುವವಳು ಅತ್ತಿಗೆ.

ನೇಗಿಲಿನ ಉದ್ದನೆಯ ಈಸುಮರವನ್ನು ನೊಗದ ನಟ್ಟನಡುವೆ ಬಿಗಿದರೆ ಎರಡೂ ಎತ್ತಿಗೆ ಭಾರ ಸಮ. ಒಂದು ಕಡೆಗೆ ಸರಿಸಿ ಬಿಗಿದರೆ ಆ ಕಡೆಯದಕ್ಕೆ ಹೆಚ್ಚು, ಆಚೆಯದಕ್ಕೆ ಹಗುರ. ಬಡಕಲು ಎತ್ತಿದ್ದರೆ ಹೀಗೆ ಮಾಡುವುದುಂಟು, ತಪ್ಪೇನಲ್ಲ. ಆ ವರ್ಷ ಬಿಳಿ ಎತ್ತಿನ ಕಾಲು ಉಳುಕಿತ್ತು. ಇವನು ಈಸನ್ನು ಕೆಂದನ ಕಡೆಗೆ ನಾಲ್ಕು ಬೆರಳು ಸರಿಸಿದ. ಕಾಲು ವಾಸಿಯಾಯಿತು, ಈಸು ಮಾತ್ರ ನಡುವಿಗೆ ಬರಲಿಲ್ಲ. ನಾಳೆ ಸರಿಮಾಡಿದರಾಯ್ತು ಬಿಡು ಎಂದುಕೊಂಡ. ಮೂರು ವರ್ಷ ಅದೇ ನಾಳೆ!

ಕೆಂದೆತ್ತಿನ ಹೆಗಲು ಬಾತು, ಪಕ್ಕೆಲುಬು ಎಣಿಸುವಂತಾಯಿತು. ನಾಲ್ಕನೆಯ ವರ್ಷ ಸಾಲಿನ ಮಧ್ಯದಲ್ಲೇ ಮಂಡಿಯೂರಿದ್ದು ಮತ್ತೆ ಏಳಲಿಲ್ಲ. ಅತ್ತಿಗೆ ಓಡಿ ಬಂದು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಹೊಟ್ಟೆಗೆ ಹಾಕ್ದೆ ಕೊಂದೆನಲ್ಲಪ್ಪಾ! ಮಕ್ಕಳಿಗೆ ನಾಲ್ಕು ಕಾಸು ಉಳೀಲಿ ಅಂತ ಹಿಂಡಿ ಅರ್ಧ ಮಾಡ್ದೆ. ನನ್ನ ಕೈಯಾರೆ ಕೊಂದೆ.”

ನಿಜ ಇವನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

“ಹೋಗ್ಲಿ ಬಿಡಿ ಅತ್ತಿಗೆ, ಅದಕ್ಕೂ ವಯಸ್ಸಾಗಿತ್ತು” ಎಂದ. ಥೂ, ಅದೂ ಒಂದು ಮಾತೇ!

ಆಮೇಲೆ ಜೋಡಿಗೆ ತಾನೇ ಇನ್ನೊಂದು ಎತ್ತು ತಂದ. ಪ್ರತಿ ವರ್ಷ ಮೊದಲು ಅತ್ತಿಗೆಯ ಹೊಲ ಉತ್ತು ಆಮೇಲೆ ತನ್ನದು. “ನನ್ನ ಮೈದುನ ದೇವರಂಥೋನು” ಎಂದು ಅವಳು ಕಂಡಕಂಡವರ ಮುಂದೆ ಹೊಗಳುವಾಗ ಇವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತಿತ್ತು. ಅವಳು ಬೀದಿಯಲ್ಲಿ ಹೋಗುವ ದನಕ್ಕೆಲ್ಲ ತನ್ನ ತಟ್ಟೆಯದನ್ನು ಹಾಕಿ ಅರೆಹೊಟ್ಟೆಯಲ್ಲಿ ಮಲಗುತ್ತಿದ್ದಳು. ಕಣ್ಣಾರೆ ಕಂಡೂ ಬಾಯಿಬಿಡದ ಈ ಪುಣ್ಯಾತ್ಮ ಹನ್ನೆರಡು ವರ್ಷ ದೂಡಿದ.

ಅಷ್ಟರಲ್ಲಿ ಅವಳ ಮಗ ಬೆಳೆದು ನಿಂತ. ತನ್ನದೇ ಜೋಡೆತ್ತು ತರುತ್ತೇನೆಂದು ಹಟ ಹಿಡಿದ. ಅವಳು ಸುತರಾಂ ಒಪ್ಪಲಿಲ್ಲ. ಹುಡುಗ ಸಿಟ್ಟಿನಿಂದ ಕಂಡವರ ಹೊಲಕ್ಕೆ ಕೂಲಿಗೆ ಹೊರಟ. ಆ ಮಧ್ಯಾಹ್ನ ಇವನು ಅವಳ ಹೊಲ ಉಳುತ್ತಿದ್ದಾಗ ನೀರು ತಂದವಳು ಹೇಳಿದಳು: “ನನ್ನ ಕೈ ಪಾಪದ ಕೈ ಕಣಪ್ಪ. ನನ್ನ ಕೊಟ್ಟಿಗೇಲಿ ಎತ್ತು ಉಳಿಯಲ್ಲ. ನೀನಾದ್ರೂ ಅವನಿಗೆ ಬುದ್ಧಿ ಹೇಳು.”

ಇನ್ನು ತಡೆಯಲಾಗಲಿಲ್ಲ. ನೊಗ ತೋರಿಸಿ, ಈಸು ತೋರಿಸಿ, ನಾಲ್ಕು ಬೆರಳು ಇಟ್ಟು ತೋರಿಸಿ ಎಲ್ಲ ಹೇಳಿದ.

ಅತ್ತಿಗೆ ಚೊಂಬನ್ನು ಕೆಳಗಿಟ್ಟಳು. ನೊಗದ ಮೇಲೆ ತನ್ನ ನಾಲ್ಕು ಬೆರಳಿಟ್ಟು ನೋಡಿದಳು.

“ಎತ್ತಿನ ವಿಷಯ ಹೋಗ್ಲಿ, ಅದನ್ನ ಮಾಫಿ ಮಾಡ್ತೀನಿ” ಎಂದಳು ಕೊನೆಗೆ. “ನಾನು ಹನ್ನೆರಡು ವರ್ಷ ಕೊರಗಿದ್ದನ್ನ ನೀನು ನೋಡ್ತಾ ಇದ್ಯಲ್ಲೋ. ‘ತಪ್ಪು ನಿಮ್ಮದಲ್ಲ’ ಅನ್ನೋ ಒಂದು ಮಾತು ನಿನ್ನ ಬಾಯಲ್ಲಿ ಬರ್ಲಿಲ್ವಲ್ಲ. ಎತ್ತು ಬಿಚ್ಚು.”

“ಅರ್ಧ ಹೊಲ ಉಳ್ದಿದೆ ಅತ್ತಿಗೆ.”

“ಉಳೀಲಿ. ನನ್ನ ಮಗ ಉಳ್ತಾನೆ.”

ವಾರದೊಳಗೆ ಆ ಕೊಟ್ಟಿಗೆಗೆ ಜೋಡೆತ್ತು ಬಂತು. ಅವಳೇ ಕಟ್ಟಿ, ಅವಳೇ ಹಿಂಡಿ ಇಟ್ಟಳು. ಜಗಳವಾಡಲಿಲ್ಲ, ಮಾತು ಬಿಡಲಿಲ್ಲ, ಮನೆಗೆ ಹೋದರೆ ಮಣೆ ಹಾಕುತ್ತಿದ್ದಳು. ಆದರೆ ಉಳುಮೆ ಶುರುವಾಗುವ ಬೆಳಗ್ಗೆ ಇವನು ಪ್ರತಿ ವರ್ಷ ತನ್ನ ಜೋಡಿ ಹೊಡೆದುಕೊಂಡು ಅವಳ ಹೊಲದ ಬದುವಿಗೆ ಬಂದು ನಿಲ್ಲುತ್ತಿದ್ದ. ಅವಳು ತಲೆ ಎತ್ತಿ ನೋಡಿ, ಬೇಡ ಎಂದು ತಲೆಯಾಡಿಸುತ್ತಿದ್ದಳು. ಅವಳು ಬದುಕಿದ್ದಷ್ಟು ವರ್ಷವೂ ಇವನು ಹೋದ, ಪ್ರತಿ ವರ್ಷವೂ ಹಾಗೆಯೇ ತಿರುಗಿ ಬಂದ.