ಫಿಲ್ಟರ್ ಹಾಕಿದ್ರಾ?

ಜುಲೈ ತಿಂಗಳ ಒಂದು ಶನಿವಾರ, ಬೆಳಗ್ಗೆ ಏಳು ಗಂಟೆ. ನೈರೋಬಿಯ ಸ್ಪ್ರಿಂಗ್ ವ್ಯಾಲಿಯಲ್ಲಿ ಮಗಳ ಬಾಡಿಗೆ ಮನೆ. ಹಾಜರಿದ್ದವರು ನಾನು, ಒಂಬತ್ತು ವರ್ಷದ ಮೊಮ್ಮಗಳು, ಮನೆಗೆಲಸಕ್ಕೆ ಬರುವ ಹೆಂಗಸು. ಬ್ಯಾಂಕಿನ ಕೆಲಸ ಮುಗಿಯದೆ ಮಗಳು ಶನಿವಾರವೂ ಅಪ್ಪರ್ ಹಿಲ್‌ನ ಕಚೇರಿಗೆ ಹೋಗಿದ್ದಳು. ಅಳಿಯ ಪ್ರವಾಸದಲ್ಲಿದ್ದ.

ಹೀಗೆ ಹಾಜರಿ ಬರೆಯುವುದು ಹಳೆಯ ಅಭ್ಯಾಸ. ಮೈಸೂರಿನ ಒಂದು ಹಾಸ್ಟೆಲಿನ ಅಡುಗೆಮನೆಯನ್ನು ನಿವೃತ್ತಿಯಾಗುವವರೆಗೆ ನೋಡಿಕೊಂಡವನು ನಾನು. ಗಂಟೆ ಹೊಡೆದರೆ ಒಲೆ ಹತ್ತಬೇಕು, ಗಂಟೆ ಹೊಡೆದರೆ ಎಲೆ ಹಾಕಬೇಕು. ಮಗಳ ಮನೆಯಲ್ಲಿ ಗಂಟೆ ಹೊಡೆಯುವವರಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಕೈಕಾಲು ತಾವಾಗಿಯೇ ಏಳುತ್ತವೆ. ಕೆಲಸ ಸಿಗದಿದ್ದರೆ ಮನೆಯ ಉದ್ದಕ್ಕೂ ಓಡಾಡುತ್ತೇನೆ. ಆ ವಾರವಂತೂ ಕೂತಲ್ಲಿ ಕೂರಲಿಲ್ಲ. ಕಾರಣ ಮೊಮ್ಮಗಳ ಕೆಮ್ಮು.

ಮರುದಿನ ಭಾನುವಾರ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಊರಿನ ಕನ್ನಡದ ಮನೆಯವರೆಲ್ಲ ಸೇರಿ ಊಟ ಮಾಡುವುದಿತ್ತು. ಮಕ್ಕಳು ಒಬ್ಬೊಬ್ಬರಾಗಿ ಮೈಕಿನ ಮುಂದೆ ನಿಂತು ಕನ್ನಡದಲ್ಲಿ ನಾಲ್ಕು ಮಾತಾಡಬೇಕು. ಹಿಂದಿನ ವರ್ಷ ಇವಳು "ನಮ್ಮ ತಾತನ ಹಳ್ಳಿ ತುಂಬಾ ದೊಡ್ಡದು" ಎನ್ನುವ ಬದಲು "ನಮ್ಮ ತಾತನ ಹಲ್ಲಿ ತುಂಬಾ ದೊಡ್ಡದು" ಎಂದಿದ್ದಳು. ಸಭೆಗೆ ಸಭೆಯೇ ನಕ್ಕಿತಂತೆ. ಯಾಕೆ ನಕ್ಕರೆಂದು ಆಗ ಅವಳಿಗೆ ತಿಳಿಯಲಿಲ್ಲ. ಕಾರಿನಲ್ಲಿ ತಿಳಿದ ಮೇಲೆ ಮನೆ ಬರುವ ತನಕ ಅತ್ತಳಂತೆ. ಈ ವರ್ಷ ಹೆಸರು ಕೊಡು ಎಂದು ಯಾರೂ ಹೇಳಲಿಲ್ಲ, ಅವಳೇ ಕೊಟ್ಟಳು. ನಾನು ಬಂದಿಳಿದ ವಾರವೇ ನನ್ನ ಮುಂದೆ ನಿಂತು, "ತಾತ, ಟೀಚ್ ಮಿ ದ ಅದರ್ ಲ" ಎಂದಳು.

ನಾನು ಕಲಿಸಿದೆ. ನಾಲಿಗೆ ಮಡಚಬೇಕು, ಅಂಗುಳಕ್ಕೆ ತಾಗಿಸಿ ಬಿಡಬೇಕು. ಅವಳೇ ಹೇಳಿ ನನ್ನಿಂದ ಬರೆಸಿದ ಮಾತು ನಮ್ಮ ಅಡುಗೆಮನೆಯದು: ಹುಳಿಗೆ ಬೇಳೆ, ಚಿಗಳಿಗೆ ಎಳ್ಳು, ಕೋಸಂಬರಿಗೆ ಎಳೆ ಸೌತೆಕಾಯಿ. ಎಲ್ಲಿ ನೋಡಿದರೂ ಆ ಅಕ್ಷರವೇ. ಆದರೆ ಎರಡು ವಾರದಿಂದ ನಾಲಿಗೆ ಮಡಚಿದ ತಕ್ಷಣ ಕೆಮ್ಮು ಬರುತ್ತಿತ್ತು. ರಾತ್ರಿ ಹಾಸಿಗೆಯಲ್ಲೂ ಒಣ ಕೆಮ್ಮು. ಡಾಕ್ಟರು ಎದೆ ನೋಡಿ, ಏನೂ ಇಲ್ಲ, ಧೂಳು ಹೊಗೆ ತಾಗದ ಹಾಗೆ ನೋಡಿಕೊಳ್ಳಿ ಎಂದು ಕಳಿಸಿದರು.

ಹೊಗೆ ಎಂದ ಕೂಡಲೇ ಎಲ್ಲರ ಕಣ್ಣೂ ನನ್ನ ಒಲೆಯ ಕಡೆಗೆ ತಿರುಗಿತು.

"ಅಪ್ಪ, ಬೇಜಾರು ಮಾಡ್ಕೋಬೇಡಿ. ಒಂದ್ ವಾರ ಒಗ್ಗರಣೆ ನಿಲ್ಸಿ," ಎಂದಳು ಮಗಳು.

"ಒಗ್ಗರಣೆ ಇಲ್ಲದೆ ಚಟ್ನಿ ಹೇಗಮ್ಮ?"

"ಹಾಗೇ. ಬರೀ ಕಾಯಿ, ಹಸಿಮೆಣಸಿನಕಾಯಿ, ಉಪ್ಪು. ಮೆಣಸಿನಕಾಯಿ ಹುರಿಯೋದಂತೂ ಬೇಡವೇ ಬೇಡ. ಭಾನುವಾರಕ್ಕೆ ಅಂಗಡಿ ಸ್ವೀಟು ನಾನೇ ಹೈರಿಡ್ಜ್‌ನಿಂದ ತರ್ತೀನಿ."

ಒಗ್ಗರಣೆ ನಿಲ್ಲಿಸಿದೆ. ಚಟ್ನಿ ಸಪ್ಪೆಯಾಯಿತು, ಕೆಮ್ಮು ಹಾಗೆಯೇ ಉಳಿಯಿತು. ಅಂಗಡಿ ಸ್ವೀಟಿನ ಮಾತಿಗೆ ಮಾತ್ರ ನಾನು ಒಪ್ಪಲಿಲ್ಲ. ಮೈಸೂರುಪಾಕಿಗೆ ಮೆಣಸಿನಕಾಯಿ ಬೇಡವಲ್ಲ ಎಂದು ವಾದಿಸಿ ಗೆದ್ದೆ.

ಈ ಮನೆಯ ಬಗ್ಗೆ ಒಂದು ವಿಷಯ ಹೇಳಬೇಕು. ನೈರೋಬಿಯಲ್ಲಿ ಜುಲೈ ಚಳಿಗಾಲ. ಇಲ್ಲಿನವರು ಸ್ವೆಟರ್ ಹಾಕಿಕೊಂಡು ಕಳೆಯುತ್ತಾರೆ, ಹೆಚ್ಚೆಂದರೆ ಸೌದೆ ಉರಿಸುತ್ತಾರೆ. ಆದರೆ ಈ ಮನೆಯನ್ನು ಕಟ್ಟಿಸಿದವರು ಯಾವುದೋ ಹಿಮದ ದೇಶದವರು. ಮನೆಗೆಲ್ಲ ಬಿಸಿಗಾಳಿ ಕಳಿಸುವ ಯಂತ್ರವೊಂದನ್ನು ಅಡುಗೆಮನೆಯ ಪಕ್ಕದ ಗೂಡಿನಲ್ಲಿ ಕೂರಿಸಿದ್ದಾರೆ. ಮಗಳು ಅದನ್ನು ಫರ್ನೇಸ್ ಎನ್ನುತ್ತಾಳೆ. ನಡುಮನೆಯ ಗೋಡೆಯ ಜಾಲರಿಯಿಂದ ಗಾಳಿ ಎಳೆದುಕೊಂಡು, ಬಿಸಿ ಮಾಡಿ, ಕೊಳವೆಗಳ ಮೂಲಕ ಕೋಣೆಕೋಣೆಗೂ ಬಿಡುತ್ತದೆ. ಜೂನ್‌ನಲ್ಲಿ ಹಚ್ಚಿದ್ದು, ಮಗುವಿಗೆ ಕೆಮ್ಮು ಎಂದು ಈಗ ಹಗಲೂ ರಾತ್ರಿ ಓಡುತ್ತಿತ್ತು.

ಸೋಮವಾರ ಬೆಳಗ್ಗೆ ಕಾರು ಹತ್ತುವಾಗ ಮಗಳು ಹೇಳಿದ್ದಳು: "ಅಪ್ಪ, ಸ್ಟೋರ್‌ರೂಮಲ್ಲಿ ಹೊಸದು ತಂದಿಟ್ಟಿದೀನಿ. ಇವತ್ತೇ ಫಿಲ್ಟರ್ ಹಾಕ್ಬಿಡಿ, ಮರೀಬೇಡಿ."

ನನಗೆ ಸ್ವಲ್ಪ ಅವಮಾನವೇ ಆಯಿತು. ನಾನು ಫಿಲ್ಟರ್ ಹಾಕಲು ಮರೆತ ದಿನ ಉಂಟೇ? ಸ್ಟೋರ್‌ರೂಮಿಗೆ ಹೋದೆ, ಹೊಸ ಕಾಫಿಪುಡಿಯ ಪೊಟ್ಟಣ ಕಣ್ಣೆದುರಿಗೇ ಇತ್ತು. ಹಾಕಿದೆ. ಮಧ್ಯಾಹ್ನ ಅವಳ ಫೋನು ಬಂತು.

"ಫಿಲ್ಟರ್ ಹಾಕಿದ್ರಾ?"

"ಆಗಲೇ ಹಾಕಿದೀನಿ."

"ಸರಿಯಾಗಿ ಕೂತಿದೆಯಾ?"

"ಚೆನ್ನಾಗಿ ಕೂತಿದೆ. ಗಟ್ಟಿಯಾಗಿ ಇಳೀತಾ ಇದೆ."

"ಇಳೀತಾ ಇದೆಯಾ?" ಎಂದಳು. ಅಷ್ಟರಲ್ಲಿ ಅಲ್ಲಿ ಯಾರೋ ಕರೆದರು, ಫೋನು ಇಟ್ಟಳು.

ಮತ್ತೆ ಆ ಶನಿವಾರಕ್ಕೆ ಬರುತ್ತೇನೆ. ಮೈಸೂರುಪಾಕು ಮಾಡಲು ನಿಂತಿದ್ದೆ. ಅಡುಗೆಮನೆಯ ಕಿಟಕಿ ಪೂರ್ತಿ ತೆರೆದೆ. ನಡುಮನೆಯ ಕಡೆಯ ದಾರಿಯನ್ನು ಮಾತ್ರ ಮುಚ್ಚಲಾಗುವುದಿಲ್ಲ, ಅಲ್ಲಿರುವುದು ಬಾಗಿಲಿಲ್ಲದ ಕಮಾನು. ಹೆಂಗಸು ತಟ್ಟೆಗೆ ತುಪ್ಪ ಸವರಿ ಕೊಟ್ಟಳು. ಅವಳು ನನ್ನನ್ನು ಬಾಬು ಎಂದು ಕರೆಯುತ್ತಾಳೆ. ಮೊದಲ ದಿನ ನಾನು, ಇವಳು ನನ್ನನ್ನು ಯಾವುದೋ ಕಚೇರಿಯ ಗುಮಾಸ್ತ ಎಂದುಕೊಂಡಳೇ ಎಂದು ಮುಖ ಗಂಟು ಹಾಕಿದ್ದೆ. ಸ್ವಾಹಿಲಿಯಲ್ಲಿ ಬಾಬು ಎಂದರೆ ತಾತ ಎಂದು ಮೊಮ್ಮಗಳು ಹೇಳಿದ ಮೇಲೆ ಸಮಾಧಾನವಾಯಿತು.

ಪಾಕ ಒಂದೆಳೆ ಬಂತು. ಕಡಲೆಹಿಟ್ಟು ಬಿತ್ತು. ಕಾದ ತುಪ್ಪದ ಮೊದಲ ಸೌಟು ಹೊಯ್ದೆ, ಚುರ್ ಎಂದು ನೊರೆ ಎದ್ದಿತು. ಇಲ್ಲಿಂದ ಮುಂದೆ ಕೈ ಬಿಡುವ ಹಾಗಿಲ್ಲ. ಹಾಸ್ಟೆಲಿನಲ್ಲಿ ಈ ಹಂತದಲ್ಲಿ ವಾರ್ಡನ್ನರೇ ಬಂದು ಕರೆದರೂ ನಾನು ತಿರುಗಿ ನೋಡುತ್ತಿರಲಿಲ್ಲ.

ಆಗ ಮನೆಯ ಆ ತುದಿಯಿಂದ ಕೆಮ್ಮು ಕೇಳಿಸಿತು. ಒಂದು, ಇನ್ನೊಂದು, ಆಮೇಲೆ ನಿಲ್ಲದೆ. ಕೈ ತಿರುವುತ್ತಿತ್ತು, ಕಿವಿ ಅಲ್ಲಿತ್ತು. ನಡುವೆ ಉಸಿರೆಳೆದುಕೊಳ್ಳುವಾಗ ಸುಯ್ ಎಂಬ ಸದ್ದು ಬಂದಂತಾಯಿತು. ಒಲೆ ಆರಿಸಿ, ಸೌಟು ಅಲ್ಲೇ ಬಿಟ್ಟು ಓಡಿದೆ.

ಹಾಸಿಗೆಯ ಮೇಲೆ ಕೂತಿದ್ದಳು, ಕಣ್ಣಲ್ಲಿ ನೀರು. ನೀರು ಕುಡಿಸಿ ಬೆನ್ನು ಸವರಿದೆ. "ಐ ಆಮ್ ಫೈನ್, ತಾತ," ಎಂದಳು, ಮತ್ತೆ ಕೆಮ್ಮಿದಳು. ಬೆನ್ನು ಸವರುತ್ತಿದ್ದಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಓಡಿಬಂದ ಹಾದಿಯಲ್ಲಿ ಅಷ್ಟಾಗಿ ಇಲ್ಲದ ತುಪ್ಪದ ವಾಸನೆ ಇಲ್ಲಿ ಗಮ್ಮೆನ್ನುತ್ತಿತ್ತು. ನನಗಿಂತ ಮೊದಲೇ ಬಂದು ಕೂತಿತ್ತು. ತಲೆ ಎತ್ತಿದೆ. ಹಾಸಿಗೆಯ ನೇರಕ್ಕೆ ಬಿಸಿಗಾಳಿಯ ಜಾಲರಿ. ಅದರ ಸಂದುಗಳಲ್ಲಿ ಬೂದುಬಣ್ಣದ ಎಳೆಗಳು ತೂಗಾಡುತ್ತಿದ್ದವು. ದಿಂಬಿನ ಮೇಲೆ ಬೆರಳು ಆಡಿಸಿದೆ. ಜಿಡ್ಡು ಜಿಡ್ಡಾದ ಧೂಳು.

ಮಗಳಿಗೆ ಫೋನು ಮಾಡಿದೆ. "ಈ ಫರ್ನೇಸಿನಿಂದ ಮಗುವಿನ ತಲೆ ಮೇಲೆ ಕಸ ಬೀಳ್ತಿದೆಯಲ್ಲಮ್ಮ!"

"ಅದ್ ಹೇಗಪ್ಪ? ಸೋಮವಾರ ತಾನೆ ನೀವು ಹೊಸ ಫಿಲ್ಟರ್ ಹಾಕಿದ್ದು?"

"ಕಾಫಿ ಫಿಲ್ಟರಿಗೂ ಇದಕ್ಕೂ ಏನಮ್ಮ ಸಂಬಂಧ?"

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಅಪ್ಪ. ನೀವು ಹಾಕಿದ್ದು ಡಿಕಾಕ್ಷನ್ನಾ?"

"ಫಿಲ್ಟರ್ ಹಾಕಿ ಅಂದ್ರೆ ಇನ್ನೇನು ಹಾಕ್ತಾರೆ?"

"ಫರ್ನೇಸ್ ಫಿಲ್ಟರ್ ಅಪ್ಪ! ಸ್ಟೋರ್‌ರೂಮಲ್ಲಿ, ಗೋಡೆಗೆ ಒರಗಿಸಿದ ರಟ್ಟಿನ ಡಬ್ಬ! ಸರಿಯಾಗಿ ಕೂತಿದೆ ಅಂದ್ರಲ್ಲ!"

"ಗಟ್ಟಿಯಾಗಿ ಇಳೀತಿದೆ ಅಂತಲೂ ಅಂದೆ. ಆಗ ಯಾಕೆ ಕೇಳಲಿಲ್ಲ? ಹುಟ್ಟಿದಾಗಿನಿಂದ ನಮ್ಮನೇಲಿ ಫಿಲ್ಟರ್ ಅಂದ್ರೆ ಏನು ಅಂತ ನಿನಗೆ ಗೊತ್ತಿಲ್ವಾ?"

ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಮೊದಲು ಸ್ವಿಚ್ ಆರ್ಸಿ. ನಾನು ಹೊರಟೆ," ಎಂದಳು.

ಯಂತ್ರ ಆರಿಸಿದೆ. ಗೂಡಿನ ಬಾಗಿಲು ತೆಗೆದು, ಪಕ್ಕದ ತಗಡಿನ ಮುಚ್ಚಳ ಜಾರಿಸಿ ಒಳಗಿದ್ದುದನ್ನು ಎಳೆದೆ. ಹಳೆಯ ಫಿಲ್ಟರು ಪೂರ್ತಿ ಕಟ್ಟಿಕೊಂಡು, ಗಾಳಿಯ ಸೆಳೆತಕ್ಕೆ ನಡುವೆ ಬಾಗಿ, ಒಂದು ಅಂಚಿನಲ್ಲಿ ಚೌಕಟ್ಟು ಬಿಟ್ಟು ನಿಂತಿತ್ತು. ಆ ಸಂದಿನಿಂದ ಎಲ್ಲವೂ ನುಗ್ಗುತ್ತಿತ್ತು: ಧೂಳು, ಕಡಲೆಹಿಟ್ಟು, ತುಪ್ಪದ ಹಬೆ, ಇಷ್ಟು ದಿನದ ನನ್ನ ಒಗ್ಗರಣೆಯ ಘಾಟು.

ಮೊಮ್ಮಗಳು ಕಂಬಳಿ ಹೊದ್ದುಕೊಂಡು ಬಂದು ನೋಡಿದಳು. "ಯಕ್! ತಾತ, ಇಟ್ ಲುಕ್ಸ್ ಲೈಕ್ ಯುವರ್ ಸ್ವೆಟರ್!"

ಹೆಂಗಸು ಅದನ್ನು ತೋಳುದ್ದ ದೂರ ಹಿಡಿದು ಕಸಕ್ಕೆ ಒಯ್ಯುತ್ತಾ, "ಪೋಲೆ, ಬಾಬು," ಎಂದಳು. ಅಯ್ಯೋ ಪಾಪ ಎಂದು ಅರ್ಥ. ನನಗೋ, ಫಿಲ್ಟರಿಗೋ.

ಹೊಸದರ ಅಂಚಿನಲ್ಲಿ ಬಾಣದ ಗುರುತಿತ್ತು. ಗಾಳಿ ಹೋಗುವ ದಿಕ್ಕಿಗೆ, ಯಂತ್ರದ ಕಡೆಗೆ ಮಾಡಿ ಕೂರಿಸಿದೆ. ಜಾಲರಿಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದೆ. ಹೆಂಗಸು ದಿಂಬು, ಹೊದಿಕೆಗಳನ್ನು ಒಗೆಯಲು ಹಾಕಿದಳು. ಇಷ್ಟಾದ ಮೇಲೆ ಬಾಣಲೆಯ ನೆನಪಾಯಿತು. ಮೈಸೂರುಪಾಕು ಬಾಣಲೆಯಲ್ಲೇ ಕಲ್ಲಾಗಿತ್ತು, ಸೌಟು ಅದರಲ್ಲಿ ನೆಟ್ಟಗೆ ನಿಂತಿತ್ತು. ಇನ್ನೊಂದು ಸಲ ಮಾಡುವಷ್ಟು ತುಪ್ಪ ಮನೆಯಲ್ಲಿರಲಿಲ್ಲ.

ಮಗಳು ಬಂದ ಮೇಲೆ ಮಧ್ಯಾಹ್ನವೆಲ್ಲ ಕಿಟಕಿ ತೆರೆದು ಚಳಿಯಲ್ಲೇ ಕೂತೆವು. ಕೂತವರು ಅವರು. ನಾನು ಅವಳ ಕೋಣೆಯ ಬಾಗಿಲಿಗೂ ಅಡುಗೆಮನೆಗೂ ನಡುವೆ ಸುತ್ತುತ್ತಿದ್ದೆ. "ಅಪ್ಪ, ನೀವು ಹೀಗೆ ಓಡಾಡಿದ್ರೆ ಇದ್ದ ಧೂಳೂ ಏಳತ್ತೆ. ಕೂತ್ಕೊಳ್ಳಿ," ಎಂದು ಮಗಳು ಗದರಿದಳು. ಕೂರಲು ಒಂದೇ ದಾರಿಯಿತ್ತು, ಕೈಗೆ ಕೆಲಸ. ಎಳ್ಳನ್ನು ಸಣ್ಣ ಉರಿಯಲ್ಲಿ ಚಿಟಪಟ ಎನ್ನುವ ತನಕ ಹುರಿದೆ. ಬೆಲ್ಲ, ಏಲಕ್ಕಿ ಸೇರಿಸಿ ಕುಟ್ಟಿದೆ. ಚಿಗಳಿಗೆ ತುಪ್ಪ ಬೇಡ, ಹೊಗೆ ಇಲ್ಲ. ಎಳ್ಳಿನ ಎಣ್ಣೆಯಲ್ಲೇ ಉಂಡೆ ನಿಲ್ಲುತ್ತದೆ. ಮೊಮ್ಮಗಳು ಎದುರು ಕೂತು ಉಂಡೆ ಕಟ್ಟತೊಡಗಿದಳು. ಮೂರು ಕಟ್ಟಿದರೆ ಒಂದು ಬಾಯಿಗೆ.

ಸಂಜೆ ಫರ್ನೇಸ್ ಹಚ್ಚಿದೆವು. ಆಮೇಲೆ ಮಗಳೇ ಒಂದು ಪರೀಕ್ಷೆ ಹೇಳಿದಳು. "ಮಾಡೇಬಿಡಿ ಅಪ್ಪ. ಒಂದು ಒಗ್ಗರಣೆ. ಸಣ್ಣದು." ಅವಳು ಮಗುವಿನ ಕೋಣೆಯಲ್ಲಿ ಜಾಲರಿಯ ಕೆಳಗೆ ನಿಂತಳು. ನಾನು ಕಾಯಿಚಟ್ನಿಗೆ ಸಾಸಿವೆ, ಇಂಗು, ಅರ್ಧ ಬ್ಯಾಡಗಿ ಮೆಣಸಿನಕಾಯಿ ಹಾಕಿದೆ. ಚಟಪಟ ಎಂದಿತು. ಉಸಿರು ಬಿಗಿಹಿಡಿದು ಕಾದೆ.

"ಏನೂ ಬರ್ತಿಲ್ಲ!" ಎಂದು ಕೂಗಿದಳು. "ಬಂತು, ಸ್ವಲ್ಪ ಬಂತು. ಹಸಿವಾಗೋಷ್ಟು."

ಊಟವಾದ ಮೇಲೆ ಮೊಮ್ಮಗಳು ಸೋಫಾದ ಮುಂದೆ ನಿಂತು, ಚಿಗಳಿಯ ಉಂಡೆಯನ್ನೇ ಮೈಕಿನಂತೆ ಹಿಡಿದು ಶುರು ಮಾಡಿದಳು. ಹುಳಿಗೆ ಬೇಳೆ. ಚಿಗಳಿಗೆ ಎಳ್ಳು. ಎಳೆ ಸೌತೆಕಾಯಿ ಬರುವಾಗ ಗಂಟಲಲ್ಲಿ ಏನೋ ಸಿಕ್ಕಿದಂತಾಗಿ ನಿಂತಳು. ನಾನು ಅರ್ಧ ಎದ್ದೆ. ಒಂದೇ ಒಂದು ಸಲ ಕೆಮ್ಮಿದಳು. ಕೈಸನ್ನೆಯಿಂದಲೇ ನನ್ನನ್ನು ಕೂರಿಸಿ, ನಾಲಿಗೆ ಮಡಚಿ, "ಎ-ಳೆ" ಎಂದಳು. ಕೊನೆಯವರೆಗೆ ಹೇಳಿದಳು. ನಾವು ಚಪ್ಪಾಳೆ ತಟ್ಟುವ ಮೊದಲೇ ಮೈಕನ್ನು ತಿಂದುಬಿಟ್ಟಳು.

ಅವಳು ಮಲಗಿದ ಮೇಲೂ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಉಸಿರು ಸರಾಗವಾಗಿತ್ತು. ಹಿಂದೆ ಬಂದು ನಿಂತ ಮಗಳು ಪಿಸುಗುಟ್ಟಿದಳು.

"ಅಪ್ಪ, ಬೆಳಗ್ಗೆ ಬೇಗ ಹೊರಡ್ಬೇಕು. ಫಿಲ್ಟರ್ ಹಾಕಿದ್ರಾ?"

"ಯಾವುದು?"

ನಗು ಮುಚ್ಚಲು ಸೆರಗಿಲ್ಲದ ಅವಳು ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡು ತನ್ನ ಕೋಣೆಗೆ ಓಡಿದಳು.

ಅಡುಗೆಮನೆಗೆ ಹೋಗಿ, ಸ್ಟೀಲಿನ ಫಿಲ್ಟರಿಗೆ ಪುಡಿ ತುಂಬಿ, ಒತ್ತಿ, ಬಿಸಿನೀರು ಹೊಯ್ದು ಮುಚ್ಚಿದೆ. ಮೊದಲ ಹನಿ ಬಿದ್ದ ಸದ್ದು ಕೇಳಿ ದೀಪ ಆರಿಸಿದೆ.